ಬೆಸ್ಟ್ ಪ್ಲೇಯರ್ ಬಿಂದಿಗೆ

ಎಂಬತ್ತರ ದಶಕದ ರಾಜಾಜಿನಗರದಲ್ಲಿ ಕ್ರಾಸಿಗೊಬ್ಬರು ಜೋಯಿಸರಿದ್ದರು, ಮೇನ್ ರೋಡಿಗೆ ಇಬ್ಬರು. ಮದುವೆ ಯಾವಾಗ ಕೂಡಿಬರುತ್ತದೆ, ಬೋರ್‌ವೆಲ್ಲಿನಲ್ಲಿ ನೀರು ಬೀಳುತ್ತದೋ ಇಲ್ಲವೋ, ಕಳೆದುಹೋದ ಸೈಕಲ್ಲು ಯಾವ ದಿಕ್ಕಿಗಿದೆ ಎಂದೆಲ್ಲ ಹೇಳುತ್ತಿದ್ದರು. ಹೇಳಿದ್ದರಲ್ಲಿ ಅರ್ಧ ತಪ್ಪುತ್ತಿತ್ತು, ಉಳಿದರ್ಧ ಏನು ಹೇಳಿದ್ದರೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಆದರೆ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಈ ಸಲದ ಬೆಸ್ಟ್ ಪ್ಲೇಯರ್ ಯಾರೆಂದು ಫೈನಲ್ ಆಟಕ್ಕೆ ಮುಂಚೆಯೇ ಹೇಳಿ, ಹೇಳಿದ್ದನ್ನು ಸ್ಟೀಲಿನ ಮೇಲೆ ಕೆತ್ತಿಯೂ ಕೊಟ್ಟು, ಒಂದು ವರ್ಷವೂ ತಪ್ಪದವನು ಅಂಜಿನಯ್ಯ ಒಬ್ಬನೇ.

ಅಂಜಿನಯ್ಯನಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿರಲಿಲ್ಲ. ಬಲೆಯ ತಳ ಬಾಯಿ ಬಿಟ್ಟುಕೊಂಡಿರುವುದು ಕ್ಲಬ್ಬಿನ ಬಡತನದಿಂದ ಎಂದೇ ಅವನು ಬಹಳ ಕಾಲ ನಂಬಿದ್ದ. “ಪಾಪ, ಒಂದು ಹೊಲಿಗೆ ಹಾಕಿಸೋ ಗತಿ ಇಲ್ಲ. ಹಾಕಿದ ಚೆಂಡೆಲ್ಲ ಸೋರೋಗ್ತದೆ” ಎಂದು ಮರುಗುತ್ತಿದ್ದ.

ಅವನ ಕಸುಬು ಪಾತ್ರೆಗಳ ಮೇಲೆ ಹೆಸರು ಹಾಕುವುದು. ರೇವಣಸಿದ್ದಯ್ಯನವರ ಪಾತ್ರೆ ಅಂಗಡಿಯ ಹೊರಮೆಟ್ಟಿಲ ಮೇಲೆ ಗೋಣಿತಾಟು ಹಾಸಿಕೊಂಡು, ಎರಡು ಪಾದಗಳ ನಡುವೆ ಪಾತ್ರೆಯನ್ನು ಕೂಸಿನಂತೆ ಅವುಚಿಕೊಂಡು, ಬೆರಳುದ್ದದ ಉಳಿಯನ್ನು ಪುಟ್ಟ ಸುತ್ತಿಗೆಯಿಂದ ಟಕಟಕ ಕುಟ್ಟುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಿದ್ದ. ಗೃಹಪ್ರವೇಶದ ತಟ್ಟೆ, ನಾಮಕರಣದ ಲೋಟ, ಮದುವೆಯ ಕೊಳಗ, ಯಾವುದೇ ಇರಲಿ, ಅವನ ಕೈ ದಾಟದೆ ಮನೆಗೆ ಹೋಗುತ್ತಿರಲಿಲ್ಲ. ಅವನು ಹೆಸರು ಹಾಕಿದ ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟಿದ್ದರೆ ಸಾಲು ಕೆಂಗೇರಿ ಮುಟ್ಟಿ, ಅಲ್ಲಿ ಕಾಫಿ ಕುಡಿದು, ನಂದಿನಿ ಲೇಔಟಿನವರೆಗೆ ವಾಪಸು ಬರುತ್ತಿತ್ತು. ಪಶ್ಚಿಮ ಬೆಂಗಳೂರಿನಲ್ಲಿ ನೆರೆಮನೆಗೆ ಸಾರು ಕೊಟ್ಟ ಪಾತ್ರೆ ದಾರಿ ತಪ್ಪದೆ ತವರಿಗೆ ಮರಳುತ್ತಿದ್ದುದು ಅಂಜಿನಯ್ಯನಿಂದ.

ಇಂಥವನು ಭವಿಷ್ಯಕಾರನಾದದ್ದು ಹೀಗೆ. ಅಂಗಡಿಯ ಹಿಂದಿನ ಮೈದಾನದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿತ್ತು. ಕಾರ್ಖಾನೆಗಳು, ಬ್ಯಾಂಕುಗಳು ಚೆನ್ನಾಗಿ ಆಡುವ ಹುಡುಗರಿಗೆ ಕೆಲಸ ಕೊಟ್ಟು, ಕೆಲಸ ಮಾಡಿಸದೆ ಸಂಬಳ ಕೊಟ್ಟು ಆಡಿಸುತ್ತಿದ್ದ ಕಾಲ. ಅಂಥ ತಂಡಗಳೆಲ್ಲ ಸೇರುವ ಲೀಗನ್ನು ಕ್ಲಬ್ಬು ವರ್ಷವರ್ಷವೂ ನಡೆಸುತ್ತಿತ್ತು. ಕೊನೆಯ ದಿನ ಒಬ್ಬ ಬೆಸ್ಟ್ ಪ್ಲೇಯರ್‌ಗೆ ಬಹುಮಾನ. ಬೆಳ್ಳಿ ಕಪ್ಪು ಕೊಡುವ ಶಕ್ತಿ ಕ್ಲಬ್ಬಿಗಿರಲಿಲ್ಲ. ಸೆಕ್ರೆಟರಿ ಸೇತುರಾಮ ಬುದ್ಧಿವಂತ. “ಸ್ಟೀಲ್ ಬಿಂದಿಗೆ ಕೊಟ್ಟರೆ ಆಯಿತು. ದೂರದಿಂದ ಕಪ್ಪಿನ ಹಾಗೇ ಕಾಣತ್ತೆ. ಹತ್ತಿರ ಹೋದರೆ ನೀರು ಹಿಡಿಯತ್ತೆ” ಎಂದು ತೀರ್ಮಾನಿಸಿ, ಫೈನಲ್ಲಿಗೆ ಎರಡು ದಿನ ಇರುವಾಗ ಬಿಂದಿಗೆ ತಂದಿಟ್ಟ.

“ಹೆಸರೇನು ಸಾರ್?” ಎಂದು ಅಂಜಿನಯ್ಯ ಉಳಿ ತೆಗೆದ.

“ಮ್ಯಾಚ್ ಮುಗಿದ ಮೇಲೇ ಗೊತ್ತಾಗೋದು ಕಣಯ್ಯ.”

“ಆವಾಗ ಬಂದು ಬಡೀಲಾ? ಜನ ಮೊದಲು ನನ್ನ ಬಡೀತಾರೆ. ಯಾರ‍್ಯಾರು ಇದಾರೆ ಹೇಳಿ, ನಾನೇ ನೋಡಿ ಹಾಕ್ತೀನಿ.”

ಸೇತುರಾಮನಿಗೂ ಬಾಡಿಗೆ ಕುರ್ಚಿ, ಮೈಕು, ಮುಖ್ಯ ಅತಿಥಿಯ ಕಾರು ಎಂದು ತಲೆ ಕೆಟ್ಟಿತ್ತು. ಮನಸ್ಸಿಗೆ ಬಂದ ನಾಲ್ಕಾರು ಹೆಸರು ಹೇಳಿ ಓಡಿದ. ಅಂಜಿನಯ್ಯ ಕಣ್ಣು ಮುಚ್ಚಿ, ಬಿಂದಿಗೆಯ ಉಬ್ಬಿನ ಮೇಲೆ ಉಳಿಯನ್ನು ಸುಮ್ಮನೆ ಆಡಿಸಿದ. ಕೆಲವು ಹೆಸರುಗಳನ್ನು ನೆನೆದರೆ ಉಳಿ ಮೊಂಡು ಬಿದ್ದ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. ‘ಸದಾಶಿವ’ ಎಂದುಕೊಂಡನೋ ಇಲ್ಲವೋ, ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟಂತೆ ಓಡಿತು. ಸದಾಶಿವ ಎಂದೇ ಹಾಕಿದ.

ಭಾನುವಾರ ಸಂಜೆ ಬೆಸ್ಟ್ ಪ್ಲೇಯರ್ ಸದಾಶಿವ ಎಂದು ಮೈಕಿನಲ್ಲಿ ಕೂಗಿದರು. ಸದಾಶಿವ ಬಂದು ಬಿಂದಿಗೆ ತಿರುಗಿಸಿ ನೋಡಿದರೆ ಅವನ ಹೆಸರು ಆಗಲೇ ಕೂತಿದೆ! ಮುಂದಿನ ವರ್ಷ ಲೋಕನಾಥ, ಅದರ ಮುಂದಿನ ವರ್ಷ ಮಧುಸೂದನ. ಹೀಗೆ ಆರು ವರ್ಷ, ಒಂದೂ ತಪ್ಪಲಿಲ್ಲ. ಸುದ್ದಿ ವಿಜಯನಗರ ದಾಟಿತು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಕರೆತಂದು “ಇವನ ಹೆಸರು ಒಂದು ಲೋಟಕ್ಕೆ ಹಾಕಿ ನೋಡಿ, ಪಾಸಾಗ್ತಾನಾ ಹೇಳಿ” ಎನ್ನುವ ತಾಯಂದಿರಿಂದ ರೇವಣಸಿದ್ದಯ್ಯನವರ ಲೋಟದ ವ್ಯಾಪಾರ ಮೂರು ಪಟ್ಟಾಯಿತು.

ಅಂಜಿನಯ್ಯನೂ ನಂಬಿದ. ಕೈಯಲ್ಲಿ ಏನೋ ಇದೆ, ಇಲ್ಲದಿದ್ದರೆ ಉಳಿಗೇಕೆ ಗೊತ್ತಾಗಬೇಕು? ಕ್ಲಬ್ಬಿನವರು ಬಹುಮಾನದ ದಿನ ವೇದಿಕೆಯ ಮೇಲೆ ಅವನಿಗೊಂದು ಕುರ್ಚಿ ಹಾಕತೊಡಗಿದರು. ಮಡಿಸುವ ಕಬ್ಬಿಣದ ಕುರ್ಚಿ, ಮುಖ್ಯ ಅತಿಥಿಯಿಂದ ನಾಲ್ಕನೆಯದು. ಅಂಜಿನಯ್ಯ ಮದುವೆಯಲ್ಲಿ ಹೊಲಿಸಿದ ಕೋಟು ತೊಟ್ಟು ಅದರಲ್ಲಿ ಕೂರುತ್ತಿದ್ದ. ಹುಟ್ಟಿದಾಗಿನಿಂದ ನೆಲದ ಮೇಲೆ ಕೂತು ದುಡಿದವನಿಗೆ ಆ ಎತ್ತರದಿಂದ ಬೆಂಗಳೂರು ಬೇರೆಯೇ ಊರಾಗಿ ಕಾಣುತ್ತಿತ್ತು. ವರ್ಷವೆಲ್ಲ ಅವನು ಬದುಕುತ್ತಿದ್ದುದು ಆ ಒಂದು ಸಂಜೆಯ ಕುರ್ಚಿಗಾಗಿ.

ಈ ಸಂಭ್ರಮದಲ್ಲಿ ಸಂಕಟಪಟ್ಟವನು ಒಬ್ಬನೇ, ಉಗ್ರಪ್ಪ. ಕಾರ್ಖಾನೆ ತಂಡದ ಆಟಗಾರ. ಎಷ್ಟು ಎತ್ತರವೆಂದರೆ ಅವನ ತಲೆಗೆ ಮಳೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ನಮ್ಮ ತಲೆಗೆ ಬೀಳುತ್ತಿತ್ತು. ಬೇರೆಯವರು ಚೆಂಡನ್ನು ಎಸೆದರೆ ಅವನು ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಂತೆ ಮೆಲ್ಲಗೆ ಇಟ್ಟುಬರುತ್ತಿದ್ದ. ಬೀದಿಯ ನಾಯಿಗಳಿಗೂ ಅವನೇ ಬೆಸ್ಟ್ ಪ್ಲೇಯರ್ ಎಂದು ಗೊತ್ತಿತ್ತು. ಆದರೆ ಅಂಜಿನಯ್ಯನ ಉಳಿ ಮಾತ್ರ ಅವನ ಹೆಸರೆಂದರೆ ಹೆಜ್ಜೆ ಎತ್ತುತ್ತಿರಲಿಲ್ಲ.

ಒಮ್ಮೆ ಅವನೇ ಬಂದು, ಸೊಂಟ ಎರಡು ಮಡಿಕೆ ಮಾಡಿ ಮೆಟ್ಟಿಲ ಬಳಿ ಕೂತ. “ಅಣ್ಣಾ, ಏನು ದೋಷ ಅಂತ ಹೇಳ್ಬಿಡಣ್ಣ. ಗಾಳಿ ಆಂಜನೇಯಂಗೆ ಎಲೆಪೂಜೆನೂ ಮಾಡಿಸ್ದೆ.”

ಅಂಜಿನಯ್ಯ ಗಂಭೀರವಾಗಿ ಯೋಚಿಸಿ, “ನಿನ್ನ ಹೆಸರಲ್ಲಿ ಕೆಳಭಾಗದಲ್ಲಿ ಭಾರ ಜಾಸ್ತಿ ಕಣಪ್ಪ” ಎಂದ.

ಉಗ್ರಪ್ಪ ಅದನ್ನು ತನಗೆ ತೋಚಿದಂತೆ ಅರ್ಥ ಮಾಡಿಕೊಂಡು ಒಂದು ವರ್ಷ ಮುದ್ದೆ ಬಿಟ್ಟ. ಭಾರ ಇಳಿಯಿತು, ಬಿಂದಿಗೆ ಬರಲಿಲ್ಲ.

ಹೀಗಿರುವಾಗ ಸೇತುರಾಮನಿಗೆ ವರ್ಗವಾಗಿ, ವಿಜಯನಗರದ ಹೆಣ್ಣುಮಕ್ಕಳ ಶಾಲೆಯೊಂದರ ಪಿ.ಟಿ. ಟೀಚರ್ ವತ್ಸಲಾ ಕ್ಲಬ್ಬಿನ ಸೆಕ್ರೆಟರಿಯಾದರು. ಒಂದು ಕಾಲಕ್ಕೆ ತಾವೂ ಆಡಿದವರು. ಕೊರಳಲ್ಲಿ ಸೀಟಿ, ಮಾತೂ ಸೀಟಿಯ ಹಾಗೇ. ಫೈನಲ್ಲಿನ ವಾರ ಬಿಂದಿಗೆ ತಂದು ಮೆಟ್ಟಿಲ ಮೇಲಿಟ್ಟರು.

“ಅಂಜಿನಯ್ಯನವರೇ, ಹೆಸರು ಈಗ ಬೇಡ. ಭಾನುವಾರ ಮ್ಯಾಚ್ ಮುಗಿದ ಮೇಲೆ ಅಲ್ಲೇ ಹಾಕ್ಕೊಡಿ.”

“ಯಾಕ್ ಮೇಡಮ್ಮ? ನಾನು ಮೊದಲೇ ಹೇಳ್ತೀನಲ್ಲ.”

“ಇನ್ಮೇಲೆ ಲೀಗ್ ಪೂರ್ತಿ ಲೆಕ್ಕ ಹಾಕಿ, ಯಾರು ಜಾಸ್ತಿ ಪಾಯಿಂಟ್ ಹೊಡೆದಿರ‍್ತಾರೋ ಅವ್ರಿಗೇ. ತಕ್ಕಡೀಲಿ ತೂಗಿದ ಹಾಗೆ.”

“ತೂಗಿದ್ರೂ ನನ್ನ ಉಳಿ ಹೇಳಿದ್ದೇ ಬರೋದು.”

ವತ್ಸಲಾ ನಕ್ಕುಬಿಟ್ಟರು. “ಅಯ್ಯೋ, ನೀವು ಹೇಳಿದ್ದು ಬರ‍್ತಾ ಇರ‍್ಲಿಲ್ಲ, ಹಾಕಿದ್ದು ಹೋಗ್ತಾ ಇತ್ತು! ಸ್ಟೀಲ್ ಮೇಲಿನ ಹೆಸರು ಅಳಿಸೋಕಾಗುತ್ತಾ? ಇನ್ನೊಂದು ಬಿಂದಿಗೆ ತರೋಕೆ ಕ್ಲಬ್ಬಿಗೆ ಯೋಗ್ಯತೆ ಇತ್ತಾ? ಯಾರ ಹೆಸರು ಇರ‍್ತಿತ್ತೋ ಅವ್ರನ್ನೇ ಕರೆದು ಕೊಡ್ತಿದ್ರು. ಸೇತುರಾಮ್ ಸಾರೇ ಹೇಳಿದ್ರು ನಂಗೆ.”

ಅಂಗಡಿಯೊಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ರೇವಣಸಿದ್ದಯ್ಯನವರು ಕೆಮ್ಮಿದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಇತ್ತ ತಿರುಗಿದರು. ಅಂಜಿನಯ್ಯನ ಕಿವಿ ಕೆಂಪಾಯಿತು.

“ಅಬದ್ಧ! ಸರಿ ಬಿಡಿ, ಬಿಂದಿಗೆ ಖಾಲಿ ಇರ‍್ಲಿ. ಶನಿವಾರ ಸಂಜೆ ಇದೇ ಮೆಟ್ಟಿಲ ಮೇಲೆ ನಾಲ್ಕು ಜನರ ಮುಂದೆ ಬಾಯಲ್ಲಿ ಹೇಳ್ತೀನಿ. ತಪ್ಪಿತೋ, ನಿಮ್ಮ ಕುರ್ಚಿ ನಿಮಗೆ.”

“ಒಪ್ಪಿದೆ. ತಪ್ಪಿದ್ರೆ ಕುರ್ಚಿ ನಮ್ಮ ಸ್ಕೋರ್ ಬರೆಯೋರಿಗೆ. ಪಾಪ, ಅವ್ರು ಇಷ್ಟು ವರ್ಷ ಕಲ್ಲಿನ ಮೇಲೆ ಕೂತು ಬರೀತಾ ಇದಾರೆ” ಎಂದು ವತ್ಸಲಾ ಹೊರಟರು.

ಅವರ ಬೆನ್ನು ಮರೆಯಾದ ಮೇಲೆ ಅಂಜಿನಯ್ಯನಿಗೆ ನೆನಪಾಯಿತು: ಈ ಭಾನುವಾರ ಕೆಂಗೇರಿಯಿಂದ ಬೀಗರು ಬರುತ್ತಿದ್ದಾರೆ. ಮಗಳ ಮಾವ ಮುನಿಯಣ್ಣ. ಊರಿನ ಪಂಚಾಯ್ತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತೇನೆಂದು ಹದಿನೆಂಟು ಸಲ ಹೇಳಿದ ಮನುಷ್ಯ. ಅದನ್ನು ತಡೆಯಲಾರದೆ ಅಂಜಿನಯ್ಯ ತನ್ನ ಕುರ್ಚಿಯ ಕತೆ ಬಿಟ್ಟಿದ್ದ. ಅದಕ್ಕೆ ಕೈಗಳಿವೆ, ಹಿಂದೆ ಮೆತ್ತೆ ಇದೆ ಎಂದೂ ಸ್ವಲ್ಪ ಬೆಳೆಸಿದ್ದ. “ಕಣ್ಣಲ್ಲಿ ಕಂಡ್ಮೇಲೆ ನಂಬೋದು ಬೀಗ್ರೇ” ಎಂದು ಮುನಿಯಣ್ಣ ಹೊರಟುನಿಂತದ್ದೇ ಆ ಕುರ್ಚಿ ನೋಡಲಿಕ್ಕೆ.

ಆ ರಾತ್ರಿ ಊಟವಾದ ಮೇಲೆ ಅಂಜಿನಯ್ಯ ಹಳೆಯ ಡಬ್ಬದ ಮುಚ್ಚಳವೊಂದನ್ನು ಪಾದಗಳ ನಡುವೆ ಹಿಡಿದು ಉಳಿಯನ್ನು ಪರೀಕ್ಷೆಗಿಳಿಸಿದ. ಈ ವರ್ಷ ಪಂದ್ಯ ಇಬ್ಬರ ನಡುವೆ: ಕಾರ್ಖಾನೆಯ ಉಗ್ರಪ್ಪ, ಬ್ಯಾಂಕಿನ ಜಯರಾಮ. ‘ಜಯರಾಮ’ ಎಣ್ಣೆ ಸವರಿದ ಕಾವಲಿಯ ಮೇಲಿನ ಹಿಟ್ಟಿನಂತೆ ಜಾರಿಕೊಂಡು ಹೋಯಿತು. ‘ಉಗ್ರಪ್ಪ’ ಶುರುಮಾಡಿದರೆ ಎರಡನೆಯ ಅಕ್ಷರದ ಬುಡದಲ್ಲೇ ಉಳಿ ಜಾರಿ ಹೆಬ್ಬೆರಳಿಗೆ ಬಂತು.

“ನೋಡಿದ್ಯಾ? ಜಯರಾಮನೇ” ಎಂದು ಬೆರಳು ಚೀಪುತ್ತ ಹೆಂಡತಿಗೆ ಹೇಳಿದ.

ನರಸಮ್ಮ ತೊಳೆದ ಪಾತ್ರೆ ಜೋಡಿಸುತ್ತಿದ್ದಳು. ಒಂದು ಚೊಂಬನ್ನು ತಂದು ಅವನ ಮೂಗಿನ ಮುಂದೆ ಹಿಡಿದಳು. “ಇದರ ಮೇಲೆ ಏನು ಬರ‍್ದಿದೀರ, ಓದಿ.”

“ನಿನ್ನ ಹೆಸರು.”

“ನನ್ನ ಹೆಸರು ನರಸಮ್ಮ. ಇಲ್ಲಿರೋದು ನರಸಮ. ಈ ತಟ್ಟೇಲೂ ನರಸಮ. ಪಕ್ಕದ್ಮನೆ ಪಟಾಲಮ್ಮಂಗೆ ಪಟಾಲಮ ಅಂತ ಹಾಕಿದೀರ. ಸಾವ್ಕಾರ‍್ರ ಊಟದ ಕ್ಯಾರಿಯರ್ ಮೇಲೆ ರೇವಣಸಿದಯ. ನಿಮ್ಮ ಹೆಸರೇ ಅಂಜಿನಯ. ಏನೂಂದ್ರೆ, ನಿಮ್ಮ ಉಳೀಗೆ ಭವಿಷ್ಯನೂ ಗೊತ್ತಿಲ್ಲ, ಗಿವಿಷ್ಯನೂ ಗೊತ್ತಿಲ್ಲ. ಅದಕ್ಕೆ ಒತ್ತಕ್ಷರ ಬರಲ್ಲ, ಅಷ್ಟೇಯ.”

ಅಂಜಿನಯ್ಯ ಚೊಂಬು ನೋಡಿದ, ತಟ್ಟೆ ನೋಡಿದ. ಸದಾಶಿವ, ಲೋಕನಾಥ, ಮಧುಸೂದನ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದು ನಿಂತರು. ಒಬ್ಬನ ಕೆಳಗೂ ಒಂದು ಒತ್ತಿಲ್ಲ, ಎಲ್ಲರೂ ಬರಿಗಾಲಲ್ಲಿ ನಿಂತಿದ್ದಾರೆ.

“ಮೂವತ್ತು ವರ್ಷದಿಂದ ಯಾಕೆ ಹೇಳ್ಲಿಲ್ಲ?”

“ಪಾತ್ರೆ ಕಳೀಲಿಲ್ಲವಲ್ಲ, ಹೇಳೋಕೆ” ಎಂದು ನರಸಮ್ಮ ದೀಪ ಚಿಕ್ಕದು ಮಾಡಿದಳು.

ಶನಿವಾರ ಸಂಜೆ ಅಂಗಡಿಯ ಮುಂದೆ ಜಾತ್ರೆ. ಮಾಗಡಿ ರೋಡಿನ ಬಸ್ಸುಗಳು ತಾವಾಗಿ ನಿಂತವು ಎಂದು ಹೇಳುವವರಿದ್ದಾರೆ. ಒಂದು ಬಸ್ಸಂತೂ ಕೆಟ್ಟು ನಿಂತಿತ್ತು. ವತ್ಸಲಾ ಕೈಕಟ್ಟಿ ನಿಂತಿದ್ದರು. ಗುಂಪಿನ ಹಿಂದೆ, ಆದರೂ ಎಲ್ಲರಿಗಿಂತ ಮೇಲೆ, ಉಗ್ರಪ್ಪನ ಮುಖ ಕಾಣುತ್ತಿತ್ತು. ಆರು ವರ್ಷದ ಅಭ್ಯಾಸದಿಂದ ಮುಂಚೆಯೇ ಬಾಡಿಕೊಂಡಿತ್ತು.

ಅಂಜಿನಯ್ಯನಿಗೆ ಉಳಿಯ ಆಸರೆ ಇಲ್ಲದೆ ಮಾತಾಡುವುದು ಅದೇ ಮೊದಲು. ಜಯರಾಮ ಎಂದರೆ ಹಳೆಯ ಜೋಯಿಸನ ಗತ್ತು ಉಳಿಯುತ್ತದೆ. ಉಗ್ರಪ್ಪ ಎಂದರೆ ಬೀದಿನಾಯಿಗೆ ಗೊತ್ತಿದ್ದುದನ್ನು ಹೇಳಿದಂತಾಗುತ್ತದೆ. ಆದರೆ ಕುರ್ಚಿ ಉಳಿಯಬೇಕಲ್ಲ, ನಾಯಿಯ ಮಾತೇ ವಾಸಿ ಎನಿಸಿತು. ಗಂಟಲು ಸರಿಮಾಡಿಕೊಂಡು, “ಉಗ್ರಪ್ಪ” ಎಂದ. ಎರಡೂ ಒತ್ತುಗಳನ್ನು ಬಾಯಿತುಂಬ ಒತ್ತಿ ಹೇಳಿದ.

“ಹೋ! ದೋಷ ಬಿಟ್ಟೋಯ್ತು ಮಗಾ!” ಎಂದು ಯಾರೋ ಕೂಗಿದರು. ಉಗ್ರಪ್ಪ ಸಂತೋಷಕ್ಕೆ ನೆಗೆದ. ಅವನು ನೆಗೆಯಬಾರದಿತ್ತು. ಅಂಗಡಿಯ ಮುಂದೆ ನೇತುಹಾಕಿದ್ದ ಕೊಡ, ಜಾಲರಿ, ಸೌಟುಗಳೆಲ್ಲ ಅವನ ತಲೆಗೆ ತಗುಲಿ ದಡಬಡ ಉದುರಿದವು. “ಲೇಯ್, ನಿನ್ನ ಗ್ರಹ ಬಿಡ್ತು ಅಂತ ನನ್ನ ಅಂಗಡಿ ಹಿಡ್ಕೋಬೇಡ್ವೋ!” ಎಂದು ರೇವಣಸಿದ್ದಯ್ಯನವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದರು.

ಭಾನುವಾರ ಮೈದಾನದಲ್ಲಿ ಎಳ್ಳು ಹಾಕಿದರೆ ಎಳ್ಳೂ ನಿಂತೇ ಇರಬೇಕಾಗಿತ್ತು. ವೇದಿಕೆಯಲ್ಲಿ ಕುರ್ಚಿ ಖಾಲಿಯಿತ್ತು. ಆಟ ಮುಗಿದು ಲೆಕ್ಕ ಆಗುವವರೆಗೆ ಅದರಲ್ಲಿ ಯಾರೂ ಕೂರಕೂಡದೆಂದು ವತ್ಸಲಾ ಅದರ ಮೇಲೆ ಟವೆಲ್ ಹಾಕಿದ್ದರು. ಅಂಜಿನಯ್ಯ ಕೋಟು ತೊಟ್ಟು, ಬೀಗರ ಪಕ್ಕದಲ್ಲಿ ಕಲ್ಲುಮೆಟ್ಟಿಲ ಮೇಲೆ ಕೂತ.

“ಎಲ್ಲಿ ಬೀಗ್ರೇ ಮೆತ್ತೆ?” ಎಂದ ಮುನಿಯಣ್ಣ.

“ಒಗೆಯೋಕೆ ಹಾಕಿದಾರೆ.”

ಆಟ ಶುರುವಾಯಿತು. ಲೀಗಿನ ಒಟ್ಟು ಲೆಕ್ಕದಲ್ಲಿ ಉಗ್ರಪ್ಪ ಜಯರಾಮನಿಗಿಂತ ಸ್ವಲ್ಪ ಮುಂದಿದ್ದ. ಇಷ್ಟು ವರ್ಷ ಬೆಸ್ಟ್ ಪ್ಲೇಯರುಗಳನ್ನು ಹುಟ್ಟಿಸಿದ ಅಂಜಿನಯ್ಯ ಆವತ್ತು ಮೊದಲ ಸಲ ಆಟವನ್ನು ಕಣ್ಣಿಟ್ಟು ನೋಡಿದ. ಉಗ್ರಪ್ಪ ಜಾಡಿ ಇಡುತ್ತ ಹೋದ. ಜಯರಾಮ ದೂರದಿಂದ ನಿಂಬೆಹಣ್ಣು ಎಸೆದಂತೆ ಎಸೆದು ಹಾಕುತ್ತ ಬಂದ. ಅರ್ಧ ಆಟ ಕಳೆದ ಮೇಲೆ ರೆಫರಿ ಸೀಟಿ ಊದಿ, ಉಗ್ರಪ್ಪನಿಗೆ ಕೈತೋರಿಸಿ ಹೊರಗೆ ಕಳಿಸಿಬಿಟ್ಟ. ಅವನು ಟವೆಲು ತಲೆಗೆ ಹಾಕಿಕೊಂಡು ಬೆಂಚಿನ ಮೇಲೆ ಕೂತ.

“ಯಾಕೆ ಕೂತ ಅವ್ನು? ಸುಸ್ತಾ?” ಎಂದು ಅಂಜಿನಯ್ಯ ಕಂಗಾಲಾಗಿ ಕೇಳಿದ.

ಹಿಂದೆ ಕೂತಿದ್ದ ಕಾಲೇಜು ಹುಡುಗ ಹೇಳಿದ: “ಫೌಲ್ ಜಾಸ್ತಿ ಆಯ್ತು ಅಂಕಲ್. ಬೇರೆಯೋರಿಗೆ ತಗುಲ್ತಾ ಇದ್ನಲ್ಲ. ಇನ್ನು ಇವತ್ತು ಅವ್ನು ಇಳಿಯಂಗಿಲ್ಲ.”

“ಅಷ್ಟುದ್ದ ಇರೋನು ತಗುಲದೆ ಇನ್ನೇನು ಮಾಡ್ತಾನೆ? ಇದ್ಯಾವ ನ್ಯಾಯ!”

“ನಿಮಗೆ ಮೊದ್ಲೇ ಗೊತ್ತಿರಬೇಕಾಗಿತ್ತಲ್ಲ ಬೀಗ್ರೇ” ಎಂದು ಮುನಿಯಣ್ಣ ಕಡಲೆಕಾಯಿ ಸುಲಿದ.

ಜಯರಾಮ ಹತ್ತಿರ ಹತ್ತಿರ ಬಂದ. ಬ್ಯಾಂಕಿನ ತಂಡ ಗೆಲ್ಲುವುದು ಆಗಲೇ ಖಚಿತವಾಗಿತ್ತು. ಉಳಿದದ್ದು ಬಿಂದಿಗೆ ಮಾತ್ರ. ಇನ್ನೊಂದು ಚೆಂಡು ಹಾಕಿದರೆ ಜಯರಾಮ ಉಗ್ರಪ್ಪನನ್ನು ದಾಟುತ್ತಾನೆಂದು ಮೈಕಿನವನೂ ಹೇಳಿಬಿಟ್ಟ. ಕೊನೆಯ ಗಳಿಗೆಯಲ್ಲಿ ಚೆಂಡು ಜಯರಾಮನ ಕೈಗೇ ಬಂತು. ಎಸೆದ. ಚೆಂಡು ಹೋಗಿ ಬಲೆ ಕಟ್ಟಿದ್ದ ಕಬ್ಬಿಣದ ಬಳೆಯ ಅಂಚಿನ ಮೇಲೆ ಕೂತು ಪ್ರದಕ್ಷಿಣೆ ಶುರುಮಾಡಿತು. ಅದು ಸುತ್ತಿದ ಹೊತ್ತಿನಲ್ಲಿ ಮುನಿಯಣ್ಣನ ಪೊಟ್ಟಣದ ಕಡಲೆಕಾಯಿ ಮುಗಿದು, ಇನ್ನೊಂದು ಪೊಟ್ಟಣ ತಂದು, ಅದರಲ್ಲೂ ಅರ್ಧ ಆಯಿತು ಎನ್ನುತ್ತಾರೆ. ಅಂಜಿನಯ್ಯನಿಗೆ ಯಾವ ದೇವರನ್ನು ಕರೆಯಬೇಕೆಂದು ತೋಚದೆ, ತಾನು ಮೂವತ್ತು ವರ್ಷ ಬಿಟ್ಟ ಒತ್ತಕ್ಷರಗಳನ್ನೆಲ್ಲ ಒಟ್ಟಾಗಿ ನೆನೆದು, ‘ಇದೊಂದು ಸಲ ಕಾಪಾಡಿ, ನಿಮ್ಮನ್ನ ಇನ್ನು ಬಿಡಲ್ಲ’ ಎಂದು ಬೇಡಿಕೊಂಡ.

ಚೆಂಡು ಹೊರಗೆ ಬಿತ್ತು.

ಕೂಗಿಗೆ ಬಸವೇಶ್ವರನಗರದಲ್ಲಿ ತೊಟ್ಟಿಲ ಕೂಸುಗಳು ಎದ್ದವು. ಗೆದ್ದ ಬ್ಯಾಂಕಿನವರು ಸೋತವರಂತೆ ತಲೆ ಕೆರೆದುಕೊಂಡರು, ಸೋತ ಕಾರ್ಖಾನೆಯವರು ಉಗ್ರಪ್ಪನನ್ನು ಹೊರಲು ನೋಡಿ, ಎತ್ತಲಾರದೆ, ಸುತ್ತ ನಿಂತು ಕುಣಿದರು. ವತ್ಸಲಾ ಮೈಕು ಹಿಡಿದು, “ಈ ವರ್ಷದ ಬೆಸ್ಟ್ ಪ್ಲೇಯರ್ ಉಗ್ರಪ್ಪ! ನಿನ್ನೇನೇ ಹೇಳಿದ ನಮ್ಮ ಅಂಜಿನಯ್ಯನವರು ವೇದಿಕೆಗೆ ಬರಬೇಕು!” ಎಂದರು. ಕುರ್ಚಿಯ ಟವೆಲನ್ನು ತಾವೇ ತೆಗೆದು ಧೂಳು ಹೊಡೆದರು.

ಅಂಜಿನಯ್ಯ ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲು ಹತ್ತಿ, ಬೀಗರ ಕಡೆ ಒಮ್ಮೆ ನೋಡಿ, ನಿಧಾನವಾಗಿ ಕೂತ. ಬೆನ್ನು ಇನ್ನೂ ಕಬ್ಬಿಣಕ್ಕೆ ತಾಗಿರಲಿಲ್ಲ, ವತ್ಸಲಾ ಬಿಂದಿಗೆ ತಂದು ತೊಡೆಯ ಮೇಲಿಟ್ಟರು.

“ಹೆಸರು ಹಾಕ್ಬಿಡಿ. ಅಧ್ಯಕ್ಷರ ಭಾಷಣ ಮುಗಿಯೋದ್ರೊಳಗೆ ಆಗ್ಬೇಕು.”

ಆಗ ಹೊಳೆಯಿತು ಅವನಿಗೆ. ಕುರ್ಚಿಯ ಮೇಲೆ ಕೂತು ಜಗತ್ತಿನಲ್ಲಿ ಯಾರೂ ಪಾತ್ರೆಗೆ ಹೆಸರು ಹಾಕಿಲ್ಲ. ಪಾದಗಳ ನಡುವೆ ಸಿಕ್ಕಿಸಬೇಕು, ಅದಕ್ಕೆ ನೆಲ ಬೇಕು. ಎರಡು ಸಲ ಮೊಣಕಾಲಲ್ಲಿ ಹಿಡಿಯಲು ನೋಡಿದ. ಬಿಂದಿಗೆ ಮುಖ್ಯ ಅತಿಥಿಯ ಕಡೆ ಉರುಳಿತು. ನಿಟ್ಟುಸಿರು ಬಿಟ್ಟು, ಕೋಟು ಬಿಚ್ಚಿ, ವೇದಿಕೆಯ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿದ. ಖಾಲಿಯಾದ ಕುರ್ಚಿಯನ್ನು ಕಂಡು, ಬೀಗರು ಕಲ್ಲಿನ ಮೇಲೆ ಕೂರಬಾರದೆಂದು ಯಾರೋ ಉಪಚಾರ ಮಾಡಿದರು. ಮುನಿಯಣ್ಣ ಬಂದು, ಕಾಲ ಮೇಲೆ ಕಾಲು ಹಾಕಿ ಅದರಲ್ಲಿ ಕೂತ.

ಟಕ್, ಟಕ್, ಟಕ್. ಮೈಕು ಹತ್ತಿರವಿದ್ದುದರಿಂದ ಸುತ್ತಿಗೆಯ ಸದ್ದು ಮಾಗಡಿ ರೋಡಿನವರೆಗೆ ಕೇಳಿತು. ಅಧ್ಯಕ್ಷರ ಭಾಷಣ ಆ ತಾಳಕ್ಕೆ ಬಿದ್ದು ಹರಿಕತೆಯ ಹಾಗೆ ಸಾಗಿತು. ‘ಉ’ ಆಯಿತು. ‘ಗ’ ಆಯಿತು. ಅದರ ಬುಡದ ತಿರುವಿಗೆ ಉಳಿ ಬಂದು ಹಳೆಯ ಮೊಂಡು ಹಿಡಿಯಿತು. ಅಂಜಿನಯ್ಯ ಉಸಿರು ಬಿಗಿಹಿಡಿದು, ಅಂಬೆಗಾಲಿನ ಮಗುವಿಗೆ ಹೊಸ್ತಿಲು ದಾಟಿಸಿದಂತೆ ಒಂದೊಂದೇ ಚುಕ್ಕೆ ಇಟ್ಟು ತಿರುಗಿಸಿದ. ದಾಟಿತು. ಉಗ್ರಪ್ಪ ಮಂಡಿಯೂರಿ, ಮೂಗು ಬಿಂದಿಗೆಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ.

“ಭಾಷಣ ಮುಗೀತಾ ಬಂತು ಅಂಜಿನಯ್ಯನವರೇ! ಒತ್ತು ಬಿಟ್ಟರೂ ಪರ‍್ವಾಗಿಲ್ಲ, ಬೇಗ ಕೊಡಿ” ಎಂದರು ವತ್ಸಲಾ.

“ಬಿಡಂಗಿಲ್ಲ ಮೇಡಮ್ಮ. ಅವರಿಗೆ ಇನ್ನೊಂದು ಭಾಷಣ ಶುರು ಮಾಡೋಕೆ ಹೇಳಿ.”

“ಬೀಗ್ರೇ,” ಎಂದು ಮೇಲಿಂದ ಮುನಿಯಣ್ಣನ ದನಿ ಬಂತು, “ಕುರ್ಚಿ ಗಟ್ಟಿ ಐತೆ. ಆದ್ರೆ ಕೈ ಇಲ್ಲ.”

ಅಂಜಿನಯ್ಯ ತಲೆಯೆತ್ತಲಿಲ್ಲ. ಅವನಿಗದು ಕೇಳಿಸಿತೋ ಇಲ್ಲವೋ. ಉಳಿಯ ತುದಿಯನ್ನು ನಾಲಿಗೆಗೆ ತಾಗಿಸಿ, ‘ಪ’ದ ಕೆಳಗೆ ಜಾಗ ಹುಡುಕುತ್ತಿದ್ದ.

“ಮುಗೀತಾ ಅಣ್ಣಾ?” ಎಂದು ಉಗ್ರಪ್ಪ ಪಿಸುಗುಟ್ಟಿದ.

“ತಾಳಪ್ಪ. ಆರು ವರ್ಷ ಕಾದಿದೀಯ, ಒಂದು ಒತ್ತಿಗೆ ಕಾಯಕ್ಕಾಗಲ್ವಾ? ಸ್ವಲ್ಪ ಆ ಕಡೆ ಸರಿ, ನಿನ್ನ ನೆರಳು ಬೀಳ್ತಾ ಐತೆ.”